ಒಂದು ದಮ್ಮಿಗೆ ಎರಡು ರೊಟ್ಟಿ

ಆಕೆ ತನ್ನ ಕಾಯಿಲೆಯನ್ನು ರೊಟ್ಟಿಯ ಅಳತೆಯಲ್ಲಿ ಹೇಳಿದಳು.

"ಮೊದಲ ಒಂದ ದಮ್ಮಿಗೆ ಎರಡ ರೊಟ್ಟಿ ಬಡೀತಿದ್ದೆರಿ ಬಾಯಾರ. ಈಗ ಒಂದ ರೊಟ್ಟಿಗೆ ಎರಡ ಸಲ ನಿಲ್ಲಬೇಕಾಗೇತಿ."

ಕೇಸ್ ಪೇಪರಿನಲ್ಲಿ ನಾನು ಬರೆದದ್ದು ಬೇರೆ: ಬ್ರೆತ್‌ಲೆಸ್‌ನೆಸ್ ಆನ್ ಎಕ್ಸರ್ಷನ್, ಅಂದರೆ ದಣಿದಾಗ ಏದುಸಿರು, ಎರಡು ವರ್ಷ. ಆಕೆಯ ಅಳತೆಯೇ ನನ್ನದಕ್ಕಿಂತ ನಿಖರವಾಗಿತ್ತೆಂದು ತಿಳಿಯಲು ನನಗೆ ಏಳೆಂಟು ತಿಂಗಳು ಹಿಡಿಯಿತು.

ನಾನು ಎದೆರೋಗದ ಡಾಕ್ಟರು, ಈ ಕಡೆಯವರ ಮಾತಿನಲ್ಲಿ ಬಾಯಾರು, ಅಂದರೆ ಅಮ್ಮಾವರು. ನಿವೃತ್ತಳಾದ ಮೇಲೂ ಬುಧವಾರಕ್ಕೊಮ್ಮೆ ಜಮಖಂಡಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೂರುತ್ತೇನೆ. ಮೊಣಕಾಲುಗಳು ಬೇಡವೆನ್ನುತ್ತವೆ, ಆದರೆ ಬುಧವಾರ ಇಲ್ಲದ ವಾರ ತುಂಬ ಉದ್ದ. ಆಕೆ ಮೊದಲ ಸಲ ಬಂದದ್ದು ಸಂಕ್ರಾಂತಿ ಮುಗಿದ ವಾರ. ರನ್ನ ಬೆಳಗಲಿಯವಳು, ವಯಸ್ಸು ನಲವತ್ತರ ಆಸುಪಾಸು. ಓಣಿಯ ಇನ್ನೂ ಮೂವರು ಹೆಂಗಸರನ್ನು ಕಟ್ಟಿಕೊಂಡು ಮನೆಯಲ್ಲಿ ಜೋಳದ ಕಡಕ್ ರೊಟ್ಟಿ ಮಾಡಿ ಮುಧೋಳ, ಜಮಖಂಡಿಯ ಖಾನಾವಳಿಗಳಿಗೂ ಮದುವೆಮನೆಗಳಿಗೂ ಕಳಿಸುತ್ತಿದ್ದಳು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ. ಹಾಗಾಗಿ ಜೊತೆಗೆ ಬಂದವರು ಮಾವ: ಬಿಳಿ ಟೋಪಿ, ಕೈಯಲ್ಲಿ ಕೊಡೆ, ನನ್ನದೇ ವಯಸ್ಸು.

"ಒಲಿಗೆ ಏನ ಹಾಕ್ತೀಯವ್ವಾ?" ಎಂದು ಕೇಳಿದೆ.

"ಕಬ್ಬಿನ ಸಿಪ್ಪಿರಿ. ನಮ್ಮ ಮಾವಾರ ತಮ್ಮಂದು ಬೆಲ್ಲದ ಗಾಣ ಐತಿ. ಹದಿನೈದ ದಿನಕ್ಕ ಒಂದ ಟ್ರಾಲಿ ತಂದು ಒಗೀತಾರ."

ನನಗೆ ಅಷ್ಟು ಸಾಕಾಯಿತು. ಈ ಸೀಮೆಯಲ್ಲಿ ಹೊಗೆ ಕುಡಿದ ಹೆಂಗಸರ ಎದೆಗಳನ್ನು ನಾನು ಜೀವಮಾನವಿಡೀ ಆಲಿಸಿದ್ದೇನೆ. ಒಲೆ ಎಂದೊಡನೆ ಉತ್ತರ ನಾಲಿಗೆಯ ತುದಿಗೆ ಬಂದು ಕೂತಿರುತ್ತದೆ. ಇನ್‌ಹೇಲರ್ ಬರೆದೆ. ಇನ್ನು ಸಿಪ್ಪೆ ಒಲೆಗೆ ಹಾಕಕೂಡದು, ಗ್ಯಾಸ್ ಮೇಲೆಯೇ ರೊಟ್ಟಿ ಬೇಯಿಸಬೇಕು ಎಂದು ಗಟ್ಟಿಯಾಗಿ ಹೇಳಿದೆ. ಆಕೆ ತಲೆಯಾಡಿಸಿದಳು. ಮಾವ ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಬಾಟನಿ ಕಲಿಸಿದ ಸಿಸ್ಟರ್ ಒಬ್ಬರು ಎಲೆಯನ್ನು ಕೈಗೆ ಕೊಟ್ಟರೆ ಹೆಸರು ಹೇಳಲು ಬಿಡುತ್ತಿರಲಿಲ್ಲ. ಮೊದಲು ಅದರ ಚಿತ್ರ ಬಿಡಿಸಬೇಕು. "ಡ್ರಾ ಫಸ್ಟ್, ನೇಮ್ ಲೇಟರ್, ಚೈಲ್ಡ್." ಅವರು ಹೋಗಿ ಎಷ್ಟೋ ವರ್ಷವಾಯಿತು. ಅವರ ಬಿಳಿ ಕ್ಯಾನ್ವಾಸ್ ಶೂ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಬುಧವಾರ ಎಲೆಯನ್ನು ಸರಿಯಾಗಿ ನೋಡದೆಯೇ ನಾನು ಹೆಸರು ಹೇಳಿಬಿಟ್ಟಿದ್ದೆ.

ಏಪ್ರಿಲ್‌ನಲ್ಲಿ ಬಂದಾಗ ಸುಧಾರಣೆ ಇರಲಿಲ್ಲ. ಇನ್‌ಹೇಲರ್ ಬದಲಿಸಿದೆ. ಮಳೆಗಾಲ ಹಿಡಿದ ಮೇಲೆ ಮತ್ತೆ ಬಂದಳು. ಕೆನ್ನೆ ಇಳಿದಿತ್ತು. ರೊಟ್ಟಿ ಬಡಿಯುವುದನ್ನು ಉಳಿದವರಿಗೆ ಬಿಟ್ಟು ತಾನು ಬೇಯಿಸುವುದಕ್ಕಷ್ಟೇ ಕೂರುತ್ತಿದ್ದಳು. ಆ ಮೂವರಲ್ಲಿ ಒಬ್ಬಳು, ಆಕೆಯ ನೆಗೆಣ್ಣಿ, ಅಂದರೆ ಓರಗಿತ್ತಿ, "ಕುಂತ ಉಣ್ಣಾಕ ನೆವಾ ತಗದಾಳ" ಎಂದಿದ್ದಳಂತೆ.

"ಒಲಿ ಹಚ್ಚತೀಯೇನವ್ವಾ ಇನ್ನೂ?"

"ಇಲ್ರಿ. ನೀವ ಹೇಳಿದ ದಿನದಿಂದ ಒಂದ ಕಡ್ಡೀನೂ ಗೀರಿಲ್ಲ."

ಮಾವ ಮೊದಲ ಸಲ ನೇರ ನನ್ನೊಡನೆ ಮಾತಾಡಿದರು. "ಹೊಗಿ ಬಿಡಿಸಿದ್ರಿ, ಒಲಿ ಆರಿಸಿದ್ರಿ. ಈಕಿ ದಮ್ಮ ಆರಲಿಲ್ಲಲ್ರಿ ಬಾಯಾರ. ಖರೇನ ಬ್ಯಾನಿ ಐತೇನು, ಇಲ್ಲಾ ಮನಸಿಂದು?"

ಸೊಸೆ ನೆಲ ನೋಡಿದಳು. ಆ ಕ್ಷಣದಿಂದ ನನಗೆ ಎರಡು ಕೆಲಸಗಳಾದವು. ರೋಗ ಹುಡುಕುವುದು ಒಂದು. ಅದು ಇದೆಯೆಂದು ಆ ಮನೆಗೆ ತೋರಿಸಿಕೊಡುವುದು ಇನ್ನೊಂದು. ತೋರಿಸದಿದ್ದರೆ ಆಕೆ ನಾಚಿಕೆಗೆ ಮತ್ತೆ ರೊಟ್ಟಿ ಬಡಿಯಲು ಕುಳಿತು, ಇದ್ದಬದ್ದ ಉಸಿರನ್ನೂ ಕಳೆದುಕೊಳ್ಳುವವಳೇ.

ಅಂದೇ ಸ್ಪೈರೋಮೆಟ್ರಿ ಮಾಡಿಸಿದೆ, ಅಂದರೆ ನಳಿಕೆಯಲ್ಲಿ ಜೋರಾಗಿ ಊದಿಸುವ ಪರೀಕ್ಷೆ. ಎದೆಯ ಒಟ್ಟು ಗಾಳಿ ಸ್ವಲ್ಪ ಕಡಿಮೆ, ಅಷ್ಟೇ. ಅಸ್ತಮಾದಲ್ಲಿ ಬೀಳುವ ರೇಶಿಯೋ, ಅಂದರೆ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪಾಲು, ಬಿದ್ದಿರಲಿಲ್ಲ. ಎಕ್ಸ್‌ರೇ ಕೂಡ ಹೆಚ್ಚುಕಡಿಮೆ ಸ್ವಚ್ಛ. ಗ್ರಾಫಿನ ಗೆರೆ ಮಾತ್ರ ಕೊನೆಯಲ್ಲಿ ಒಳಕ್ಕೆ ಬಾಗಿತ್ತು. ಯಂತ್ರ ನಡೆಸುವ ಟೆಕ್ನಿಷಿಯನ್ ನನ್ನೊಡನೆ ತಲೆ ನೆರೆಸಿಕೊಂಡವರು. ಅವರು ಅಂಚಿನಲ್ಲಿ ಪೂರ್ ಎಫರ್ಟ್, ಅಂದರೆ ರೋಗಿ ಮನಸ್ಸಿಟ್ಟು ಊದಿಲ್ಲ, ಎಂದು ಬರೆಯಲು ಪೆನ್ನು ಎತ್ತಿದ್ದರು.

"ಬರೀಬ್ಯಾಡ್ರಿ," ಎಂದೆ. "ನಡಸಿ ನೋಡೂಣು."

ಆರು ನಿಮಿಷದ ನಡಿಗೆಯ ಪರೀಕ್ಷೆಗೆ ದೊಡ್ಡ ಸಾಮಾನೇನೂ ಬೇಡ. ನಮ್ಮ ವರಾಂಡದಲ್ಲಿ ಇಪ್ಪತ್ತು ಮೀಟರ್ ಅಳೆದು ಎರಡು ತುದಿಗೆ ಎರಡು ಸ್ಟೂಲ್ ಇಟ್ಟಿದ್ದೇವೆ. ರೋಗಿಯ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು, ಟೆಕ್ನಿಷಿಯನ್ ಕೈಯಲ್ಲಿ ಸ್ಟಾಪ್‌ವಾಚ್, ನನ್ನ ಕೈಯಲ್ಲಿ ಕಾಗದ. ಒಂದು ಸ್ಟೂಲಿನಿಂದ ಇನ್ನೊಂದಕ್ಕೆ ನಡೆದರೆ ಒಂದು ಗೆರೆ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಲಾಗುತ್ತದೋ ಅಷ್ಟು.

ಆಕೆ ಹೊರಟಳು. ಹತ್ತು ಹೆಜ್ಜೆ ಚುರುಕಾಗಿ ನಡೆದಳು. ನಡುವಿನ ಬೆಂಚಿನ ಹತ್ತಿರ ನಿಂತು, ಬಗ್ಗಿ ಚಪ್ಪಲಿ ಕಳೆದು ಕೈಗೆ ತೆಗೆದುಕೊಂಡಳು. ಸೆರಗು ಸರಿಮಾಡಿಕೊಂಡು ಗೋಡೆಯ ಬದಿಗೆ ಸರಿದು ನಾಲ್ಕು ಹೆಜ್ಜೆ ಮೆಲ್ಲಗೆ ಇಟ್ಟಳು, ಮತ್ತೆ ಚಪ್ಪಲಿ ಮೆಟ್ಟಿದಳು, ನಡೆದಳು. ವಾಪಸು ಬರುವಾಗಲೂ ಹಾಗೆಯೇ. ಮೂರನೆಯ ಸಲಕ್ಕೆ ನನಗೆ ಹೊಳೆಯಿತು. ಬೆಂಚಿನ ಮೇಲೆ ಮಾವ ಕೂತಿದ್ದರು. ಅವರ ಮುಂದೆ ಸೊಸೆ ಚಪ್ಪಲಿ ಮೆಟ್ಟಿಕೊಂಡು ಹಾಯುವುದುಂಟೇ.

ಟೆಕ್ನಿಷಿಯನ್ ವಾಚು ನಿಲ್ಲಿಸಿದರು. "ಮೇಡಮ್, ಇದು ಆರ ಮಿನಿಟಿನ ಮರ್ಯಾದಿ ನಡಿಗಿ. ಇದನ್ನ ಯಾ ಕಾಲಮ್ಮಿನ್ಯಾಗ ಬರೀಲಿ?"

ನಗು ಬಂತು, ತಡೆದುಕೊಂಡೆ. "ಯಜಮಾನ್ರ, ಹೊರಗ ಛಲೋ ಚಾ ಸಿಗತೈತಿ. ಕುಡದ ಬರ್ರಿ," ಎಂದೆ.

"ನಾ ಚಾ ಬಿಟ್ಟೇನ್ರಿ."

"ಹಂಗಾರ ಹೊರಗ ನಿಂತು ಮಳಿ ನೋಡ್ರಿ."

ಅವರಿಗೆ ಯಾಕೆಂದು ತಿಳಿಯಲಿಲ್ಲ, ಆದರೂ ಎದ್ದು ಹೋದರು. ಅರ್ಧ ತಾಸು ಬಿಟ್ಟು ಮತ್ತೆ ನಡೆಸಿದೆವು. ಈ ಸಲ ಆಕೆ ನಿಜವಾಗಿ ನಡೆದಳು, ರೈತರ ಮನೆಯ ಹೆಣ್ಣುಮಗಳ ಬೀಸುನಡಿಗೆ. ಎರಡು ನಿಮಿಷ ಚೆನ್ನಾಗಿತ್ತು. ಮೂರನೆಯ ನಿಮಿಷಕ್ಕೆ ಉಸಿರು ಚಿಕ್ಕದಾಯಿತು, ಭುಜ ಮೇಲೇರಿತು. ನಾಲ್ಕಕ್ಕೆ ಗೋಡೆಗೆ ಕೈಕೊಟ್ಟು ನಿಂತುಬಿಟ್ಟಳು. ಹನ್ನೊಂದು ಗೆರೆ. ಕ್ಲಿಪ್ಪಿನಲ್ಲಿ ಆಕ್ಸಿಜನ್ ಇಳಿದದ್ದು ಸ್ವಲ್ಪವೇ. ಅಷ್ಟು ಸ್ವಲ್ಪಕ್ಕೆ ಮನುಷ್ಯರು ಗೋಡೆ ಹಿಡಿಯುವುದಿಲ್ಲ.

"ಏನ ಆಗಾಕತ್ತೈತಿ? ಹೇಳು."

"ಒಳಗ… ಜಗ್ಗಾಕ… ಜಾಗಾನ ಇಲ್ರಿ. ತುಂಬೇತಿ."

ಆಕೆ ಹಾಗೆ ಏದುಸಿರು ಬಿಡುತ್ತಿರುವಾಗಲೇ ಬೆನ್ನಿಗೆ ಸ್ಟೆತೊಸ್ಕೋಪ್ ಹಚ್ಚಿದೆ. ಮೂರು ಸಲವೂ ಕೂರಿಸಿ, ಆರಾಮಾಗಿ ಉಸಿರಾಡಿಸಿ ಕೇಳಿದ್ದೆನೇ ಹೊರತು ನಡೆಸಿ ಕೇಳಿರಲಿಲ್ಲ. ಉಸಿರು ಒಳಗೆ ಹೋಗುವ ಕೊನೆಯಲ್ಲಿ, ಗೂಡಿನ ಹಕ್ಕಿಮರಿ ಒಮ್ಮೆ ಬಾಯಿ ತೆರೆದ ಹಾಗೆ, ಚೀಂ ಎಂದು ಒಂದು ಚಿಕ್ಕ ಸದ್ದು. ಮತ್ತೊಂದು ಉಸಿರಿಗೆ ಮತ್ತೊಂದು. ಟೆಕ್ನಿಷಿಯನ್‌ಗೂ ಸ್ಟೆತೊಸ್ಕೋಪ್ ಕೊಟ್ಟು ಕೇಳಿಸಿದೆ. ಅವರು ಪೆನ್ನನ್ನು ಜೇಬಿಗೆ ಇಟ್ಟುಕೊಂಡರು.

ನಮ್ಮ ಶ್ವಾಸನಾಳ ಮರದ ಹಾಗೆ ಕವಲೊಡೆಯುತ್ತ ಹೋಗುತ್ತದೆ. ಕಟ್ಟಕಡೆಯ ಕವಲುಗಳು ಎರಡು ಮಿಲಿಮೀಟರಿಗಿಂತ ಸಣ್ಣವು. ಓದುವಾಗ ನಮ್ಮ ಪ್ರೊಫೆಸರರು ಅದನ್ನು ಸೈಲೆಂಟ್ ಝೋನ್ ಎನ್ನುತ್ತಿದ್ದರು, ಊದುವ ಯಂತ್ರಕ್ಕೆ ಅಲ್ಲಿಯ ಸುದ್ದಿ ಬಹಳ ತಡವಾಗಿ ಮುಟ್ಟುತ್ತದೆ. ಆ ಸಣ್ಣ ನಾಳಗಳು ಊದಿಕೊಂಡರೆ ಕೂತಾಗ ಏನೂ ಗೊತ್ತಾಗುವುದಿಲ್ಲ. ಕೆಲಸ ಜೋರಾಗಿ ಉಸಿರು ಬೇಗಬೇಗ ಬಂದಾಗ ಒಳಗಿನ ಗಾಳಿಗೆ ಪೂರ್ತಿ ಹೊರಬರಲು ವೇಳೆ ಸಿಗುವುದಿಲ್ಲ. ಅಷ್ಟರೊಳಗೆ ಹೊಸ ಉಸಿರು ಬಂದು ಬಾಗಿಲು ಬಡಿಯುತ್ತದೆ. ಹೊರಗಿನಿಂದ ಬಂದ ಮಾವನಿಗೆ ಹೀಗೆ ಹೇಳಿದೆ: "ಸ್ಟ್ಯಾಂಡಿನ್ಯಾಗ ಇಳಿಯೋರು ಇಳಿಯೂಕಿಂತ ಮೊದಲ ಹತ್ತೋರು ನುಗ್ಗಿದ್ರ ಬಸ್ಸ ಏನ ಆಗತೈತ್ರಿ?"

"ಬಾಗಲದಾಗ ಗುದ್ದಾಟ ಆಗತೈತಿ."

"ನಿಮ್ಮ ಸೊಸಿ ಎದಿಯೊಳಗ ಅದ ಆಗಾಕತ್ತೈತಿ."

ಅವರು ನಂಬಿದರೋ ಇಲ್ಲವೋ, ವಾದಿಸಲಿಲ್ಲ.

ಸಿಟಿ ಸ್ಕ್ಯಾನ್ ಬೇಕಿತ್ತು. ಸಾಮಾನ್ಯವಾಗಿ ಉಸಿರು ಜಗ್ಗಿ ಹಿಡಿಸಿ ಚಿತ್ರ ತೆಗೆಯುತ್ತಾರೆ. ನನಗೆ ಉಸಿರನ್ನು ಪೂರ್ತಿ ಬಿಟ್ಟಾಗಿನ ಚಿತ್ರವೂ ಬೇಕಿತ್ತು. ಸಿಕ್ಕಿಬಿದ್ದ ಗಾಳಿ ಕಾಣುವುದು ಆಗಲೇ. ಅದು ದಿನಾ ಮಾಡುವ ಪದ್ಧತಿಯಲ್ಲವಾದ್ದರಿಂದ ಆಕೆಯ ಜೊತೆ ನಾನೇ ಹೋದೆ. ಮೊದಲ ಚಿತ್ರ ಸಲೀಸಾಗಿ ಆಯಿತು. ಎರಡನೆಯದಕ್ಕೆ ಗಂಟು ಬಿತ್ತು. ಸ್ಕ್ಯಾನಿನವರು "ಉಸಿರು ಬಿಡಿ, ಹಾಗೇ ಹಿಡೀರಿ" ಎಂದರೆ ಆಕೆ ಬಿಡುತ್ತಿದ್ದಳು, ಹಿಡಿ ಎಂಬ ಮಾತಿಗೆ ಮತ್ತೆ ಒಂದು ಗುಟುಕು ಜಗ್ಗಿಕೊಳ್ಳುತ್ತಿದ್ದಳು. ಚಿತ್ರ ತೆಗೆಯುವ ಮೊದಲಿನ ಅಭ್ಯಾಸದಲ್ಲೇ ಮೂರು ಸಲ ಹೀಗಾಯಿತು. ನಾನು ಸ್ವಲ್ಪ ತಡೆಯಲು ಹೇಳಿ ಒಳಗೆ ಹೋದೆ.

"ಊದಗೊಳವಿ ಗೊತ್ತಲ್ಲವ್ವಾ? ಒಲಿ ಆರೇತಿ, ಉರಿ ಏಳವಲ್ದು ಅಂತ ತಿಳಕೋ. ಕೊನೀ ಹನಿ ಗಾಳಿ ತನಕ ಊದು. ಊದಿ, ಕೊಳವಿ ಬಾಯಾಗ ಇಟಗೊಂಡ ಉರಿ ಹತ್ತತೈತೇನ ಅಂತ ನೋಡಕೋತ ಹಂಗ ಇರು."

"ಒಲಿ ಬಿಡಸಿದ್ದ ನೀವ. ಈಗ ಊದಂತೀರಿ," ಎಂದಳು. ಅಷ್ಟು ದಿನಗಳಲ್ಲಿ ಆಕೆ ಮಾಡಿದ ಮೊದಲ ಚೇಷ್ಟೆ ಅದು. ಆಮೇಲೆ ಒಂದೇ ಸಲಕ್ಕೆ ಸರಿಯಾಗಿ ಮಾಡಿದಳು.

ಉಸಿರು ಬಿಟ್ಟ ಶ್ವಾಸಕೋಶ ಚಿತ್ರದಲ್ಲಿ ಒಂದೇ ಸಮ ಬೂದು ಬಣ್ಣಕ್ಕೆ ತಿರುಗಬೇಕು. ಆಕೆಯದರಲ್ಲಿ ಆ ಬೂದು ಬಣ್ಣದ ನಡುವೆ ಅಲ್ಲಲ್ಲಿ ಕಪ್ಪು ತುಂಡುಗಳು ಹಾಗೇ ಉಳಿದಿದ್ದವು. ಅವೇ ಗಾಳಿ ಹೊರಬರಲಾರದ ಜಾಗಗಳು. ಬೇರೆ ಕಡೆ ತೆಳುವಾದ ಮಂಜು. ಕೆಳಭಾಗದಲ್ಲಿ ಎರಡು ಕಡೆ ಸಣ್ಣ ಗೀರುಗಳಂಥ ಕಲೆ. ಆ ಗೀರುಗಳನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದೆ. ಊತ ಇಳಿಯುತ್ತದೆ, ಕಲೆ ಇಳಿಯುವುದಿಲ್ಲ.

ಮೂರೂ ಒಟ್ಟಿಗೆ ಕಂಡರೆ ಮನಸ್ಸು ಒಂದೇ ಕಡೆ ಓಡುತ್ತದೆ: ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ದಿನವೂ ಮೂಗಿಗೆ ಹೋಗುವ ಯಾವುದೋ ಜೈವಿಕ ಧೂಳಿಗೆ, ಬೂಸ್ಟಿಗೋ ಹಕ್ಕಿಯ ಪುಕ್ಕದ ಪುಡಿಗೋ, ಶ್ವಾಸಕೋಶ ಮುನಿಸಿಕೊಂಡು ಊದಿಕೊಳ್ಳುವ ರೋಗ. ಹಾಗಾದರೆ ಆ ಧೂಳು ಯಾವುದು? ಪಾರಿವಾಳ ಅದಾವೇನು ಎಂದು ಕೇಳಿದೆ, ಇಲ್ಲ. ಗಿಣಿ? ಇಲ್ಲ. ಗೋಡೆಗೆ ಬೂಸ್ಟು? ಇಲ್ಲ. ಜೋಳದ ಚೀಲ? ಒಣಗಿಸಿ, ಹಸನು ಮಾಡಿಯೇ ತುಂಬುತ್ತಾರೆ. ಹೊಗೆ? "ಒಲೀನ ಇಲ್ಲಲ್ರಿ." ಕಾಗದದ ಮೇಲೆ ನನ್ನ ಪ್ರಶ್ನೆಗಳೆಲ್ಲ ಮುಗಿದವು.

ಇಲ್ಲಿ ಎರಡು ದಾರಿಗಳಿದ್ದವು. ಸ್ಟೆರಾಯ್ಡ್ ಶುರುಮಾಡಿ ಕಾಯುವುದು ಒಂದು. ಶುರುಮಾಡಿದ್ದರೆ ತಿಂಗಳೊಳಗೆ ಆಕೆಗೆ ಹಗುರೆನಿಸುತ್ತಿತ್ತು, ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಧೂಳು ಮಾತ್ರ ಇದ್ದಲ್ಲೇ ಇರುತ್ತಿತ್ತು, ಗೀರು ಬೆಳೆಯುತ್ತಿತ್ತು. ಬೆಳಗಾವಿಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಅವರು "ಗುಳಿಗಿ ಆಮ್ಯಾಲ, ಮೊದಲ ಮನಿ ನೋಡ್ರಿ" ಎಂದರು. ಅದು ನನ್ನ ಮನಸ್ಸಿನಲ್ಲೂ ಇತ್ತು. ಡ್ರಾ ಫಸ್ಟ್.

ಗುರುವಾರ ಬೆಳಿಗ್ಗೆ ಏಳಕ್ಕೆ ರನ್ನ ಬೆಳಗಲಿ ಮುಟ್ಟಿದೆ. ಹೇಳದೆ ಹೋಗಿದ್ದೆ. ಹೇಳಿ ಹೋದರೆ ಸಾರಿಸಿದ ಮನೆ ಕಾಣುತ್ತದೆ. ಮಾವ ಕಟ್ಟೆಯ ಮೇಲಿಂದ ಗಡಬಡಿಸಿ ಎದ್ದರು. ಅಡಿಗೆಮನೆ ಕನ್ನಡಿಯ ಹಾಗಿತ್ತು, ಗ್ಯಾಸಿನ ಒಲೆ ಫಳಫಳ, ಹಳೆಯ ಒಲೆಯ ಬಾಯಿಗೆ ಇಟ್ಟಿಗೆ ಇಟ್ಟು ಮುಚ್ಚಿದ್ದರು. ನಾನು ಹೇಳಿದ್ದನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಿದ ಮನೆ ನಾನು ಕಂಡದ್ದು ಕಡಿಮೆ.

"ಆಕಿ ಎಲ್ಲಿದ್ದಾಳ್ರಿ?"

"ಹಿತ್ತಲದಾಗ, ದನದ ಮನ್ಯಾಗ."

ಹಿತ್ತಲಿನಲ್ಲಿ ತಗಡಿನ ಚಪ್ಪರ. ಅದರಡಿ ನನ್ನೆತ್ತರದ ಕಬ್ಬಿನ ಸಿಪ್ಪೆಯ ಗುಡ್ಡೆ. ಆಕೆ ಅದರ ಹೊಟ್ಟೆಯಿಂದ ಎರಡೂ ಕೈಯಲ್ಲಿ ಜಗ್ಗಿ ಜಗ್ಗಿ ಬುಟ್ಟಿಗೆ ತುಂಬಿ, ಎಮ್ಮೆಯ ಕಾಲಡಿ ಕೊಡವಿ ಹಾಸುತ್ತಿದ್ದಳು. ಕೊಡವಿದಾಗಲೆಲ್ಲ ಬೂದಿಯಂಥ ಬಿಳಿ ಪುಡಿ ಎದ್ದು ಆಕೆಯ ಮುಖ ಮುಚ್ಚುತ್ತಿತ್ತು. ನಾನು ಮೂಗಿಗೆ ಸೆರಗು ಹಿಡಿದು ಗುಡ್ಡೆಯೊಳಗೆ ಕೈ ಹಾಕಿದೆ. ಮಳೆಯ ತಂಪಿನಲ್ಲೂ ಒಳಗೆ ಬೆಚ್ಚಗಿತ್ತು, ಹಾಲು ಹೆಪ್ಪು ಹಾಕುವಷ್ಟು. ಹುಳಿಯ ಹಾಗೆ, ಹಳೆಯ ಪುಸ್ತಕದ ಹಾಗೆ ವಾಸನೆ. ಬೂಸ್ಟಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಇಲ್ಲ.

"ಇದು ಯಾವಾಗಿಂದವ್ವಾ?"

"ನೀವ ಒಲಿ ಬಿಡ್ಸಿದಾಗಿಂದರಿ. ಮೊದಲ ಒಂದ ಟ್ರಾಲಿ ಹದಿನೈದ ದಿನದಾಗ ಸುಟ್ಟ ಖಾಲಿ ಆಕ್ಕಿತ್ತು. ಈಗ ಸುಡಂಗಿಲ್ಲ. ಟ್ರಾಲಿ ಅಂತೂ ಬರತಿತ್ತು. ಹಾಳ ಮಾಡೂದ್ಯಾಕ ಅಂತ ದನಕ್ಕ ಹಾಸಾಕತ್ತೇವಿ." ನನ್ನ ಮುಖ ನೋಡಿ ಆಕೆಯ ದನಿ ಇಳಿಯಿತು. "ಒಲಿಗೆ ಹಾಕಬ್ಯಾಡ ಅಂದ್ರಿ, ಹಾಕಲಿಲ್ಲ. ಇಟಗೋಬ್ಯಾಡ ಅಂದಿರಲಿಲ್ಲಲ್ರಿ ಬಾಯಾರ."

ಅಂದಿರಲಿಲ್ಲ. ಒಲೆ ಇದ್ದಾಗ ಆಕೆ ಸ್ವಲ್ಪ ಸ್ವಲ್ಪವಾಗಿ ಆ ಪುಡಿ ಕುಡಿದು ಎರಡು ವರ್ಷದಲ್ಲಿ ದಮ್ಮು ತಂದುಕೊಂಡಿದ್ದಳು. ಒಲೆ ಆರಿಸಿ ಗುಡ್ಡೆ ಬೆಳೆಸಿದ್ದು ನನ್ನ ಸಲಹೆ. ಕಬ್ಬಿನ ನಾಡಿನಲ್ಲಿ ಸಿಪ್ಪೆಯನ್ನು ಯಾರೂ ಎಸೆಯುವುದಿಲ್ಲ ಎಂಬುದು ಇಲ್ಲೇ ಮುದುಕಿಯಾದ ನನಗೆ ಗೊತ್ತಿರಬೇಕಿತ್ತು.

ಎಮ್ಮೆಯ ಪಕ್ಕ ನಿಂತೇ ಮಾವನಿಗೆ ಹೇಳಿದೆ. "ಯಜಮಾನ್ರ, ನಿಮ್ಮ ಸೊಸಿ ನೆವಾ ಮಾಡಿಲ್ಲ. ತಪ್ಪ ನಂದು. ನಾ ಹೊಗಿ ಅಂದೆ. ಬ್ಯಾನಿ ಇದರಾಗಿತ್ತು."

ಅವರು ಕಾಲಿಗೆ ತಾಗಿದ ಸಿಪ್ಪೆಯನ್ನು ಗುಡ್ಡೆಯ ಕಡೆ ತಳ್ಳಿದರು. "ತಮ್ಮ ಪ್ರೀತಿಲೆ ಕಳಸ್ತಾನ್ರಿ. ಬ್ಯಾಡ ಅಂದ್ರ ಮನಸ ಕೆಡತೈತಿ," ಎಂದರು. ಎಮ್ಮೆಯ ಕಡೆ ತಿರುಗಿ, "ಆಕಿ ಕೆಮ್ಮು ನನಗ ಗ್ವಾಡಿ ಆಚಿಂದ ಕೇಳ್ತಿತ್ತು. ಮಂದಿಗೆ ಕೇಳ್ಲಿ ಅಂತ ಕೆಮ್ಮತಾಳ ಅಂದಕೊಂಡಿದ್ದೆ," ಎಂದರು. ನಾನು ಆಕೆಯ ಕೈಯಿಂದ ಬುಟ್ಟಿ ತೆಗೆದುಕೊಂಡು ಪಕ್ಕಕ್ಕಿಟ್ಟೆ.

ಆಕೆಯನ್ನು ಹದಿನೈದು ದಿನ ತವರಿಗೆ, ಚಿಮ್ಮಡಕ್ಕೆ ಕಳಿಸಿದರು. ಗುಡ್ಡೆಗೆ ನೀರು ಹೊಡೆದು ಧೂಳು ಏಳದಂತೆ ಮಾಡಿ, ಮೂಗುಬಾಯಿ ಕಟ್ಟಿಕೊಂಡ ಆಳುಗಳು ಹೊಲದ ಗೊಬ್ಬರದ ಗುಂಡಿಗೆ ಸಾಗಿಸಿದರು. ಚಪ್ಪರದ ನೆಲ ತೊಳೆದರು. ಗಾಣ ನಡೆಸುವ ತಮ್ಮನ ಮನಸ್ಸು ಎರಡು ವಾರ ಕೆಟ್ಟಿತ್ತಂತೆ. ಆಮೇಲೆ ಸರಿಹೋಯಿತಂತೆ. ಸ್ಟೆರಾಯ್ಡ್ ಅನ್ನು ಆಗ ಶುರುಮಾಡಿ ಮೆಲ್ಲಗೆ ಇಳಿಸುತ್ತ ಬಂದೆ. ಮುಖ ಊದಿಕೊಂಡಿತು. ನೆಗೆಣ್ಣಿ "ನಿನ್ನ ಮಾರಿ ಹಂಚಿನ ಮ್ಯಾಲಿನ ಬಿಸಿ ರೊಟ್ಟಿ ಉಬ್ಬಿದಂಗ ಉಬ್ಬೇತಿ" ಎಂದು ಚೇಷ್ಟೆ ಮಾಡಿದಳೆಂದು ಆಕೆಯೇ ನಗುತ್ತ ಹೇಳಿದಳು. ಆ ನೆಗೆಣ್ಣಿಯೇ ಈಗ ದನದ ಮನೆಯ ಕೆಲಸ ತನ್ನ ಪಾಲಿಗೆ ತೆಗೆದುಕೊಂಡಿದ್ದಾಳಂತೆ. ಎಮ್ಮೆಗೆ ಈಗ ರಬ್ಬರಿನ ಹಾಸು.

ಮತ್ತೆ ಸಂಕ್ರಾಂತಿ ಬಂತು. ಬುಧವಾರ ವರಾಂಡದಲ್ಲಿ ಎರಡು ಸ್ಟೂಲ್ ಇಟ್ಟೆವು. ಸ್ಕ್ಯಾನಿನಲ್ಲಿ ಮಂಜು ಹೋಗಿತ್ತು, ಕಪ್ಪು ತುಂಡುಗಳು ಕಡಿಮೆಯಾಗಿದ್ದವು, ಪೂರ್ತಿ ಅಳಿದಿರಲಿಲ್ಲ. ಆ ಎರಡು ಗೀರು ಇದ್ದ ಹಾಗೇ ಇದ್ದವು. ಬೆಳೆದಿರಲಿಲ್ಲ, ಅಷ್ಟೇ ನನ್ನ ಪುಣ್ಯ. ಆಕೆಗೆ ಮುಚ್ಚಿಡದೆ ಎಲ್ಲ ಹೇಳಿದ್ದೆ.

"ರೊಟ್ಟಿ?" ಎಂದೆ.

"ಒಂದ ದಮ್ಮಿಗೆ ಒಂದ ಆಗತೈತ್ರಿ. ಎರಡ ಆಗಂಗಿಲ್ಲ."

"ಎರಡ ಬ್ಯಾಡ. ಒಂದ ಸಾಕು."

ಮಾವ ಬೆಂಚಿನ ಮೇಲೆ ಕೂತಿದ್ದರು. ಟೆಕ್ನಿಷಿಯನ್ ಸ್ಟಾಪ್‌ವಾಚ್ ತೆಗೆದದ್ದು ಕಂಡು, ನಾನು ಬಾಯಿ ತೆರೆಯುವ ಮೊದಲೇ ಎದ್ದರು, ಕೊಡೆ ತೆಗೆದುಕೊಂಡು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಂತರು. ಆಕೆ ಚಪ್ಪಲಿ ಮೆಟ್ಟಿಕೊಂಡೇ ನಡೆದಳು. ಮೂರನೆಯ ನಿಮಿಷ ಹಾಯಿತು, ನಾಲ್ಕು ಹಾಯಿತು. ಐದರಲ್ಲಿ ಸ್ವಲ್ಪ ನಿಧಾನಿಸಿದಳು, ನಿಲ್ಲಲಿಲ್ಲ. ನಾನು ಗೆರೆ ಎಳೆಯುತ್ತ, ನಡುನಡುವೆ ಕೈ ಮರೆತು ಆಕೆಯ ಪಾದಗಳನ್ನೇ ನೋಡುತ್ತಿದ್ದೆ. ಆರು ನಿಮಿಷವಾಯಿತು.

ಮಾವ ಒಳಗೆ ಬಂದರು. "ಹತ್ತೊಂಬತ್ತ ಆದುವಲ್ರಿ?"

ನನ್ನ ಕಾಗದದಲ್ಲಿ ಹದಿನೆಂಟು ಗೆರೆಗಳಿದ್ದವು. "ಹದಿನೆಂಟರಿ. ನೀವ ಹೊರಗ ಇದ್ದವರಿಗೆ ಹೆಂಗ ಗೊತ್ತಾಗಬೇಕು?"

"ಚಪ್ಪಲಿ ಸಪ್ಪಳ ಎಣಸಾಕತ್ತಿದ್ದೆ," ಎಂದರು. "ತಿರುಗೂ ಮುಂದ ಒಂದ ಸಲ ಕರ್ ಅಂತೈತಿ. ಹತ್ತೊಂಬತ್ತ."

ಟೆಕ್ನಿಷಿಯನ್ ತಾವೂ ಎಣಿಸಿ ಬರೆದಿದ್ದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಹತ್ತೊಂಬತ್ತು. ನಾನು ಹದಿನೆಂಟನ್ನು ಹೊಡೆದುಹಾಕಿ, ಪಕ್ಕದಲ್ಲಿ ಹತ್ತೊಂಬತ್ತು ಎಂದು ಬರೆದು ಸಹಿ ಮಾಡಿದೆ.